ನಮ್ಮ ಫಾಂಟು ಯಾರ ಮನೇಲಿದೆ?

ಮೂವರು ವರದಿಗಾರರಿಗೆ ನಮ್ಮಲ್ಲಿ ಇರೋದು ಒಂದೇ ಕಂಪ್ಯೂಟರು, ಅದೂ ಸೆಕೆಂಡ್ ಹ್ಯಾಂಡ್. ಡೆಬಿಯನ್ ಲಿನಕ್ಸ್ ಹಾಕಿಸಿದ್ದೇವೆ, ಪುಕ್ಕಟೆ ಅಂತ. ಮೂವರಿಗೂ ಬೇರೆ ಬೇರೆ ಲಾಗಿನ್.

ಒಂದು ಸಂಜೆ ಬೆಳೆಹಾನಿ ಪರಿಹಾರದ ಪಟ್ಟಿ ಕೈಗೆ ಬಂತು. ಏಳು ಗಂಟೆಯೊಳಗೆ ಸುದ್ದಿ ಹೋಗಬೇಕು. ಫೈಲು ತೆರೆದರೆ ರೈತರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದ ಪಟ್ಟಿ ಅದು. ಫಾಂಟು ನಮ್ಮ ಕಂಪ್ಯೂಟರಿನಲ್ಲೇ ಇದೆ, ಆದರೆ ಹಾಕಿಕೊಟ್ಟ ಅಂಗಡಿ ಹುಡುಗ ನಮ್ಮ ಗೆಳೆಯನೊಬ್ಬನ ಹೋಮ್ ಫೋಲ್ಡರಿನಲ್ಲಿ ಇಟ್ಟು ಹೋಗಿದ್ದ. ಗೆಳೆಯ ಮದುವೆಗೆ ಹೋಗಿದ್ದಾನೆ, ಫೋನು ಸ್ವಿಚ್ ಆಫ್.

ಲಿನಕ್ಸಿನಲ್ಲಿ ಯಾವುದು ಎಲ್ಲಿರಬೇಕು ಅನ್ನೋದಕ್ಕೆ ಒಂದು ಕಟ್ಟಳೆ ಇದೆ. 1994ರಲ್ಲಿ ಮೊದಲು ಬರೆದಿಟ್ಟರು, 2015ರಲ್ಲಿ ಅದರ ಮೂರನೇ ಆವೃತ್ತಿ ಬಂತು. 'ಯುಎಸ್ಆರ್' ಫೋಲ್ಡರು ಸಿಸ್ಟಮ್ಮಿನದೇ ಸ್ವಂತ. ಅಲ್ಲಿ ಕೈಯಾರೆ ಏನನ್ನೂ ತುರುಕಬಾರದು, ಮುಂದಿನ ಅಪ್‌ಡೇಟಿನಲ್ಲಿ ಅಳಿಸಿ ಹೋದರೆ ಕೇಳೋರಿಲ್ಲ. ಅದರೊಳಗಿನ 'ಲೋಕಲ್' ಮಾತ್ರ ನಮಗೆ ಬಿಟ್ಟ ಜಾಗ. ಅಲ್ಲಿಟ್ಟಿದ್ದು ಎಲ್ಲ ಲಾಗಿನ್‌ಗೂ ಸಿಗುತ್ತೆ, ಆದರೆ ಇಡೋಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇಲ್ಲದವರಿಗೆ ಉಳಿಯೋದು ತಮ್ಮ ಹೋಮಿನ 'ಡಾಟ್ ಲೋಕಲ್'. ಅದು ಅಡಗಿರುತ್ತೆ, ಕಂಟ್ರೋಲ್ ಎಚ್ ಒತ್ತಿದರೆ ಕಾಣುತ್ತೆ.

ನಮ್ಮ ಹತ್ತಿರ ಪಾಸ್‌ವರ್ಡ್ ಇತ್ತು, ಪೆನ್ ಡ್ರೈವಿನಲ್ಲಿ ಫಾಂಟೂ ಇತ್ತು. ಲೋಕಲ್, ಶೇರ್, ಫಾಂಟ್ಸ್ ಅಂತ ಒಳಗಿಳಿದು ಹಾಕಿದೆವು. ಹೆಸರುಗಳು ಕಂಡವು. ಆರೂ ಐವತ್ತಕ್ಕೆ ಸುದ್ದಿ ಹೋಯಿತು.

ಸಾಫ್ಟ್‌ವೇರಿಗೂ ಇದೇ ಲೆಕ್ಕ. ಇನ್ನೊಂದು ಜಾಗ 'ಆಪ್ಟ್', ಹೊರಗಿನಿಂದ ಇಡೀ ಗಂಟಾಗಿ ಬರುವಂಥದ್ದಕ್ಕೆ. ಲಿಬ್ರೆ ಆಫೀಸನ್ನು ಅವರ ಸೈಟಿನಿಂದಲೇ ಇಳಿಸಿ ಹಾಕಿದರೆ ಅಲ್ಲಿ ಹೋಗಿ ಕೂರುತ್ತೆ. ಡೆಬಿಯನ್ ಕೊಟ್ಟ ಹಳೇದು ಯುಎಸ್ಆರ್‌ನಲ್ಲಿ ತನ್ನ ಪಾಡಿಗೆ ಇರುತ್ತೆ, ಓರಗಿತ್ತಿಯರ ಹಾಗೆ, ಜಗಳವೊಂದಿಲ್ಲ!

ಮೆನುವಿನಲ್ಲಿ ಕಾಣೋ ಐಕಾನಿಗೆ ಬೇರೆಯೇ ಒಂದು ಪುಟ್ಟ ಫೈಲಿರುತ್ತೆ, 'ಅಪ್ಲಿಕೇಶನ್ಸ್' ಫೋಲ್ಡರಿನಲ್ಲಿ. ಕೈಯಾರೆ ಹಾಕಿದ ಸಾಫ್ಟ್‌ವೇರ್ ಅಳಿಸುವಾಗ ಇದನ್ನು ಮರೆತರೆ ಒತ್ತಿದರೂ ತೆರೆಯದ ಐಕಾನು ಹಾಗೇ ಉಳಿಯುತ್ತೆ.

ನಿಮ್ಮೂರಲ್ಲಿ ಯಾರಾದರೂ ಹಾಕಿಕೊಡೋಕೆ ಬಂದರೆ ಒಂದೇ ಮಾತು ಕೇಳಿ: ಇದು ನನಗೊಬ್ಬನಿಗೋ, ಎಲ್ಲರಿಗೋ? ಅಡ್ಮಿನ್ ಪಾಸ್‌ವರ್ಡನ್ನೂ ಬರೆಸಿಕೊಂಡೇ ದುಡ್ಡು ಕೊಡಿ.