ಟಿಫಿನ್ ಡಬ್ಬೀಲಿ ಒಂದು ಕೈ (ಭಾಗ 4)

ಬಸವೇಶ್ವರನಗರದ ನಮ್ಮ ಅಡುಗೆಮನೇಲಿ ವಾರಕ್ಕೊಮ್ಮೆ ಒಂದು "ಕೈ" ತಯಾರಾಗುತ್ತೆ. ಚೈನಾ ಗ್ರಾಸ್ ಕುದಿಸಿ, ಇಸಬ್‌ಗೋಲ್ ಕಲಸಿ, ಮಧ್ಯೆ ಬೀಟ್‌ರೂಟ್ ನೀರು ತುಂಬಿದ ಉದ್ದ ಬಲೂನ್ ಮಲಗಿಸಿ, ಡಬ್ಬಿ ಸಮೇತ ಫ್ರಿಜ್‌ಗೆ. ಬರೀ ಜೆಲ್ಲಿ ಅಲ್ಟ್ರಾಸೌಂಡ್‌ನಲ್ಲಿ ಕಪ್ಪಗೆ ಕಾಣುತ್ತೆ. ಇಸಬ್‌ಗೋಲ್ ಸೇರಿದ್ರೆ ಮಾಂಸದ ಥರ ಬೂದು ಬಣ್ಣ. ಬಲೂನು ರಕ್ತನಾಳ. "ಅದು ಹಲ್ವಾ ಮಾಡೋ ಪಾತ್ರೆ ಕಣೇ" ಅಂತ ಅಮ್ಮ ಪ್ರತಿ ಸಲ ಬೈತಾರೆ.

ಮೆಷಿನ್ನೇ ಮನೆಗೆ ತರಬಹುದಲ್ವಾ ಅಂತ ಕೆಲವರು ಕೇಳಿದ್ರಿ. ಆಗಲ್ಲ. ಹೆಣ್ಣು ಭ್ರೂಣಹತ್ಯೆ ತಡೆಯೋಕೆ ಬಂದ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಮೆಷಿನ್ ನೋಂದಣಿಯಾದ ಜಾಗದಲ್ಲೇ ಇರ್ಬೇಕು. ಹಾಗಾಗಿ ಹಾವನೂರು ಸರ್ಕಲ್‌ನಲ್ಲಿ ಜೆಲ್ಲಿನೇ ಬಸ್ ಹತ್ತುತ್ತೆ.

ಇದು ಶುರುವಾಗಿದ್ದು ನನ್ನ ಪಿಜಿ ಮೊದಲ ವರ್ಷದ ಒಂದು ರಾತ್ರಿಯಿಂದ. ಒಬ್ರು ಅಜ್ಜಿಗೆ ಡ್ರಿಪ್ ಹಾಕ್ಬೇಕಿತ್ತು, ಕೈಯಲ್ಲಿ ಕಣ್ಣಿಗೆ ಕಾಣೋ ನರವೇ ಇಲ್ಲ. ಪ್ರೋಬ್ ಅಡ್ಡ ಇಟ್ಟೆ, ನರ ಸಿಕ್ತು, ಸೂಜಿ ಹಾಕಿದೆ. ಸ್ಕ್ರೀನ್ ಮೇಲೆ ಒಂದು ಬಿಳಿ ಚುಕ್ಕೆ. ಅದೇ ತುದಿ ಅಂದ್ಕೊಂಡು ತಳ್ಳಿದೆ. ಅದು ಸೂಜಿಯ ನಡು. ತುದಿ ಆಗಲೇ ನರ ದಾಟಿ ಆಚೆ ಹೋಗಿತ್ತು. ಮೂರು ಸಲ ಚುಚ್ಚಿದೆ. "ಪರ್ವಾಗಿಲ್ಲ ಮಗಳೇ, ನಿಧಾನಕ್ಕೆ ನೋಡು" ಅಂದ್ರು. ಬೈದಿದ್ರೇ ವಾಸಿ ಇತ್ತು.

ಪ್ರೋಬ್ ನೋಡೋದು ಮಿಲಿಮೀಟರ್ ಲೆಕ್ಕದಷ್ಟು ತೆಳುವಾದ ಒಂದು ಹಾಳೆಯನ್ನ ಮಾತ್ರ. ಸೂಜಿ ಅದರಿಂದ ಚೂರು ಜಾರಿದ್ರೂ ಮಾಯ. ತುಂಬಾ ಕಡಿದಾಗಿ ಇಳಿದ್ರೆ ಪ್ರತಿಧ್ವನಿ ಬೇರೆ ಕಡೆ ಹೋಗುತ್ತೆ, ಆಗ್ಲೂ ಸರಿಯಾಗಿ ಕಾಣಲ್ಲ.

ಈಗ ಜೂನಿಯರ್ಸ್‌ಗೆ ಹೇಳಿಕೊಡೋ ಮೆಷಿನ್‌ನಲ್ಲಿ ಗೈಡೆನ್ಸ್ ಇದೆ. ಸೂಜಿಗೆ ಅಯಸ್ಕಾಂತದ ಗುಣ ಕೊಟ್ಟಿರ್ತೀವಿ. ಪ್ರೋಬ್ ಒಳಗಿನ ಸೆನ್ಸರ್ ಅದನ್ನ ಹಿಡಿದು, ಸೂಜಿ ಎಲ್ಲಿಗೆ ಹೋಗುತ್ತೆ ಅಂತ ಮುಂಚೆನೇ ಗೆರೆ ಎಳೆದು ತೋರಿಸುತ್ತೆ. ಹೊಸಬರಿಗೆ ಇದು ವರ, ನಿಜವಾಗ್ಲೂ. ಕೈ ನಡುಕ ಅರ್ಧ ಅಲ್ಲೇ ನಿಲ್ಲುತ್ತೆ.

ಆದ್ರೆ ಕಳೆದ ವಾರ ಒಬ್ಬ ತಮ್ಮ ಗೆರೆ ನೋಡ್ತಾನೇ ತಳ್ಳಿದ. ಗೆರೆ ಬಲೂನ್ ಒಳಗೆ, ಸಿರಿಂಜಿಗೆ ಮಾತ್ರ ಬೀಟ್‌ರೂಟ್ ಬರ್ತಿಲ್ಲ. "ಅಕ್ಕಾ, ಸ್ಕ್ರೀನಲ್ಲಿ ಒಳಗೇ ಇದೆಯಲ್ಲಾ!" ತೆಳು ಸೂಜಿ ಜೆಲ್ಲಿಯೊಳಗೆ ಬಾಗಿತ್ತು. ಮೆಷಿನ್ ಪಾಪ, ಅದು ನೆಟ್ಟಗಿದೆ ಅಂತಾನೇ ಲೆಕ್ಕ ಹಾಕಿತ್ತು. ನಂಗೆ ಅಜ್ಜಿಯ ಕೈ ನೆನಪಾಯ್ತು.

ಗೆರೆ ಆಫ್ ಮಾಡಿದೆ. ಅವನ ಮುಖ ನೋಡ್ಬೇಕಿತ್ತು! ಈಗ ನಮ್ಮಲ್ಲಿ ಹೀಗೆ: ಮೊದಲ ಐದು ಸಲ ಗೆರೆ ಜೊತೆ, ಆಮೇಲೆ ಗೆರೆ ಇಲ್ದೆ. ತುದಿ ಕಾಣ್ತಿಲ್ವಾ, ಸೂಜಿ ಕೈ ನಿಲ್ಲಿಸು. ಪ್ರೋಬ್ ಕೈ ಮಾತ್ರ ಆಡಿಸಿ ಹುಡುಕು. ಎರಡೂ ಕೈ ಒಟ್ಟಿಗೆ ಆಡಿದ್ರೆ ದೇವರಿಗೂ ಸಿಗಲ್ಲ.

ಎಂಟನೇ ಸಲ ಸಿರಿಂಜ್ ಕೆಂಪಾಯ್ತು. ಅವನು ಕಿರುಚಿದ್ದಕ್ಕೆ ಪಕ್ಕದ ವಾರ್ಡಿಂದ ಸಿಸ್ಟರ್ ಓಡಿ ಬಂದ್ರು.

ಡಬ್ಬಿ ತುಂಬಾ ಚುಚ್ಚಿದ ಗೆರೆಗಳು. ಒಡೆದ ಬಲೂನ್ ಎಸೆದು, ರಾತ್ರಿ ಮತ್ತೆ ಕಾಯಿಸಿದೆ, ಜೆಲ್ಲಿ ಕರಗಿ ಹೊಸದಾಯ್ತು. ಪಾತ್ರೆ ಈಗ ಪೂರ್ತಿ ನಂದೇ. ಅಮ್ಮ ಹಲ್ವಾಗೆ ಬೇರೆ ತಗೊಂಡ್ರು.