12 + 12 = 43!

ನಮ್ಮ ಹೆಗ್ಗನಹಳ್ಳಿಯಲ್ಲಿ ಮಧ್ಯಾಹ್ನ ಕರೆಂಟ್ ಹೋದ್ರೆ ಕಿವಿಗೇ ಗೊತ್ತಾಗುತ್ತೆ. ಹಿಂದಿನ ಬೀದಿಯ ಲೇತ್ ಮೆಷಿನ್ ನಿಲ್ಲುತ್ತೆ, ಪಕ್ಕದ ಮನೆ ಟಿವಿ ನಿಲ್ಲುತ್ತೆ, ಜೊತೆಗೆ ನಮ್ಮಮ್ಮನ ಹೊಲಿಗೆ ಮೆಷಿನ್ನೂ. ಮಂಡಿ ನೋವು ಶುರುವಾದ ಮೇಲೆ ಅಮ್ಮ ತುಳಿಯೋದು ಬಿಟ್ಟು ಅದಕ್ಕೊಂದು ಮೋಟಾರ್ ಹಾಕಿಸಿಕೊಂಡಿದ್ದಾರೆ. ಕರೆಂಟ್ ಇಲ್ಲ ಅಂದ್ರೆ ಬ್ಲೌಸ್ ಇಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಹೀಗೇ ಎರಡು ಮಧ್ಯಾಹ್ನ ಸುಮ್ಮನೆ ಕೂತಿದ್ದಾಯ್ತು.

ಹಬ್ಬ ಮುಗಿದ ಮೇಲೆ ಅಮ್ಮ ತಮ್ಮ ಚೀಟಿ ದುಡ್ಡು ತಂದು ನನ್ನ ಕೈಗಿಟ್ಟು, "ಇಂಜಿನಿಯರ್ ಅಲ್ವೇನೋ ನೀನು, ಏನಾದ್ರೂ ಮಾಡು" ಅಂದ್ರು. ಆ ದುಡ್ಡಿಗೆ ಬಂದಿದ್ದು ಒಂದು ಪೋರ್ಟಬಲ್ ಪವರ್ ಸ್ಟೇಷನ್ ಮತ್ತು ಎರಡು 100 ವ್ಯಾಟ್ ಸೋಲಾರ್ ಪ್ಯಾನೆಲ್. ಪವರ್ ಸ್ಟೇಷನ್ ಅಂದ್ರೆ ಬ್ಯಾಟರಿ, ಇನ್ವರ್ಟರ್, ಚಾರ್ಜರ್ ಮೂರೂ ಒಳಗಿರೋ ಒಂದು ಡಬ್ಬ. ನಮ್ಮದು 256 ವ್ಯಾಟ್ ಅವರ್. ನೂರು ವ್ಯಾಟಿನ ಹೊಲಿಗೆ ಮೋಟಾರಿಗೆ ಎರಡು ಗಂಟೆ ಧಾರಾಳ.

ಡಬ್ಬದ ಮೇಲೆ ಸೋಲಾರ್ ಇನ್‌ಪುಟ್ ಅಂತ ಬರೆದಿತ್ತು: 12ರಿಂದ 30 ವೋಲ್ಟ್, 8 ಆಂಪಿಯರ್, 110 ವ್ಯಾಟ್. ನನ್ನ ಪ್ಯಾನೆಲ್ಲು ಅಂಗಡಿಯವರ ಭಾಷೆಯಲ್ಲಿ "12 ವೋಲ್ಟ್ ಪ್ಯಾನೆಲ್". ಸೀರೀಸಲ್ಲಿ ಹಾಕಿದ್ರೆ 12 + 12 = 24. ಮೂವತ್ತರೊಳಗಿದೆ, ಮುಗೀತು! ಸೀರೀಸ್ ಸುಲಭ ಕೂಡ. ಒಂದರ ಪ್ಲಸ್ಸನ್ನ ಇನ್ನೊಂದರ ಮೈನಸ್ಸಿಗೆ ಚುಚ್ಚಿದ್ರಾಯ್ತು, ಬೇರೆ ಕನೆಕ್ಟರ್ ಬೇಡ.

ಭಾನುವಾರ ಬೆಳಿಗ್ಗೆ ಟೆರೇಸಲ್ಲಿ ಇನ್ನೇನು ಡಬ್ಬಕ್ಕೆ ಚುಚ್ಚಬೇಕು, ಆಗ ಕೆಳಗಿನ ಮೋಟಾರ್ ವೈಂಡಿಂಗ್ ಅಂಗಡಿಯ ಅಣ್ಣ ನೀರಿನ ಟ್ಯಾಂಕ್ ನೋಡೋಕೆ ಮೇಲೆ ಬಂದ್ರು. "ಮೀಟರ್ ಹಿಡಿದು ನೋಡಿದ್ರಾ?" ಅಂದ್ರು. ಇಲ್ಲ ಅಂದೆ. ಅವರೇ ಕೆಳಗೆ ಹೋಗಿ ಮಲ್ಟಿಮೀಟರ್ ತಂದು ಹಿಡಿದ್ರು. 43 ಚಿಲ್ಲರೆ!

ಎದೆ ಧಸಕ್ಕೆಂದಿತು...

ಪ್ಯಾನೆಲ್ ತಿರುಗಿಸಿ ಹಿಂದಿನ ಸ್ಟಿಕ್ಕರ್ ಓದಿದ್ದು ಆಮೇಲೆ. "12 ವೋಲ್ಟ್" ಅನ್ನೋದು ಅದು ಚಾರ್ಜ್ ಮಾಡೋ ಬ್ಯಾಟರಿಯ ಲೆಕ್ಕದ ಹೆಸರು. ಕೆಲಸ ಮಾಡುವಾಗ ಪ್ಯಾನೆಲ್ ಕೊಡೋದು 18 ವೋಲ್ಟ್. ಏನೂ ಜೋಡಿಸದೆ ಬಿಸಿಲಲ್ಲಿಟ್ಟಾಗ, ಅಂದ್ರೆ ಓಪನ್ ಸರ್ಕ್ಯೂಟ್ ವೋಲ್ಟೇಜ್, 22.5. ಚುಚ್ಚಿದ ಕ್ಷಣ ಡಬ್ಬಕ್ಕೆ ಸಿಗೋದು ಈ 22.5. ಹಾಗಾಗಿ ಹೋಲಿಸಬೇಕಾದ್ದು ಇದನ್ನೇ. ಎರಡು ಸೇರಿದ್ರೆ 45! ಬಿಸಿಲಿಗೆ ಪ್ಯಾನೆಲ್ ಕಾದಿದ್ದಕ್ಕೆ ಮೀಟರಲ್ಲಿ ಸ್ವಲ್ಪ ಕಮ್ಮಿ ಬಂದಿತ್ತು ಅಷ್ಟೇ.

ಹೌದು, ಪ್ಯಾನೆಲ್ ತಣ್ಣಗಿದ್ದಷ್ಟೂ ವೋಲ್ಟೇಜ್ ಹೆಚ್ಚು. ಸ್ಟಿಕ್ಕರ್ ಲೆಕ್ಕ 25 ಡಿಗ್ರಿಯದ್ದು. ಅದಕ್ಕಿಂತ ಒಂದು ಡಿಗ್ರಿ ಇಳಿದ್ರೆ ಸುಮಾರು 0.3% ಏರುತ್ತೆ. ಬೆಂಗಳೂರಿನ ದಾಖಲೆ ಚಳಿ 1884ರ ಜನವರಿಯ 7.8 ಡಿಗ್ರಿ. ಅಂಥ ಬೆಳಿಗ್ಗೆ ಬಂದ್ರೂ ಒಂದು ಪ್ಯಾನೆಲ್ 24 ದಾಟಲ್ಲ. ಹಾಗಾದ್ರೆ ಪ್ಯಾರಲಲ್ ಹಾಕಿದ್ರೆ ಕ್ಷೇಮ.

ಆದ್ರೆ ಪ್ಯಾರಲಲ್ಲಲ್ಲಿ ಕರೆಂಟ್ ಸೇರಿ 12 ಆಂಪಿಯರ್ ಹತ್ತಿರ ಆಗುತ್ತಲ್ಲ, ಮಿತಿ 8 ಅಲ್ವಾ ಅಂತ ಕೇಳಿದೆ. ಅಣ್ಣ ಮೇಲಿನ ಟ್ಯಾಂಕ್ ತೋರಿಸಿದ್ರು. "ಟ್ಯಾಂಕ್ ದೊಡ್ಡದಾದ್ರೆ ಪೈಪ್ ಒಡೆಯಲ್ಲ ಸಾರ್, ಎತ್ತರ ಜಾಸ್ತಿ ಆದ್ರೆ ಒಡೆಯುತ್ತೆ." ವೋಲ್ಟೇಜ್ ಅಂದ್ರೆ ಆ ಎತ್ತರ. ಕರೆಂಟನ್ನ ಡಬ್ಬ ತನಗೆ ಬೇಕಾದಷ್ಟೇ ಎಳ್ಕೊಳ್ಳುತ್ತೆ. ನಮ್ಮ ಡಬ್ಬದ ಪುಸ್ತಕದಲ್ಲೂ ಹಾಗೇ ಇತ್ತು (ನಿಮ್ಮದರಲ್ಲಿ ಏನಿದೆ, ಓದಿ ನೋಡಿ). ನಾಲ್ಕು ವರ್ಷ ಬಿ.ಇ. ಓದಿದವನಿಗೆ ಟೆರೇಸಲ್ಲಿ ಪಾಠ!

ಸೀರೀಸ್ ಅನ್ನೋದೇ ತಪ್ಪಲ್ಲ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಂಥ ಕಡೆ ಪ್ಯಾನೆಲ್‌ಗಳನ್ನ ಸೀರೀಸಲ್ಲೇ ಸಾಲಾಗಿ ಜೋಡಿಸ್ತಾರೆ. ಅಲ್ಲಿನ ಇನ್ವರ್ಟರ್ ಅದಕ್ಕೆ ತಕ್ಕಂತೆ ಇರುತ್ತೆ, ನಮ್ಮ ಡಬ್ಬ ಹಾಗಲ್ಲ.

ಸಂಜೆ ವೈ ಆಕಾರದ ಕನೆಕ್ಟರ್ ತಂದು ಪ್ಯಾರಲಲ್ ಮಾಡಿದೆ. ಚೆನ್ನಾಗಿ ಬಿಸಿಲಿದ್ರೆ 200 ವ್ಯಾಟಲ್ಲಿ 110 ಮಾತ್ರ ಒಳಗೆ ಹೋಗುತ್ತೆ. ಎರಡನೇ ಪ್ಯಾನೆಲ್ ದಂಡ ಅನ್ನಿಸ್ತಿತ್ತು. ಆದ್ರೆ ಮೋಡ ಕವಿದ ದಿನ ಎರಡೂ ಸೇರಿ 60-70 ಕೊಡುತ್ತೆ, ಒಂದೇ ಇದ್ದಿದ್ರೆ ಅದರರ್ಧ. ಮೂರು ಗಂಟೆಗೆ ಟ್ಯಾಂಕಿನ ನೆರಳು ಒಂದರ ಮೇಲೆ ಬಿದ್ರೂ ಇನ್ನೊಂದು ತನ್ನ ಪಾಡಿಗೆ ದುಡಿಯುತ್ತೆ.

ಮೊನ್ನೆ ಮಧ್ಯಾಹ್ನ ಕರೆಂಟ್ ಹೋದಾಗ ಬೀದಿಯೆಲ್ಲ ನಿಶ್ಶಬ್ದ, ನಮ್ಮನೆಯಲ್ಲಿ ಮಾತ್ರ ಟರ್ರ್... ಅಂತ ಹೊಲಿಗೆ. "ಪರವಾಗಿಲ್ಲ ಕಣೋ, ಓದಿಸಿದ್ದು ಉಪಯೋಗಕ್ಕೆ ಬಂತು" ಅಂದ್ರು ಅಮ್ಮ.

43ರ ವಿಷಯ ಅವರಿಗಿನ್ನೂ ಹೇಳಿಲ್ಲ. ನೀವೂ ಹೇಳ್ಬೇಡಿ :)