ಕಲ್ಲಿಗೆ ಬಣ್ಣ ಬಂದ ರಾತ್ರಿ

ಬನ್ನಿ, ಹೀಗೆ ಬನ್ನಿ, ನನ್ನ ಪಕ್ಕದಲ್ಲೇ ಕೂರಿ. ಮೊದಲು ಎರಡೂ ಕೈಯಿಂದ ಮರಳು ಗೋರಿ ಗುಡ್ಡೆ ಮಾಡಿಕೊಳ್ಳಿ. ಗುಡ್ಡೆ ಎತ್ತರವಾದಷ್ಟೂ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ಹಿಂದಿನವರು ಬೈದರೆ ಮಾತ್ರ ಒಂದು ಹಿಡಿ ತಗ್ಗಿಸಬೇಕು. ನೆಲದ ಟಿಕೆಟ್ಟಿನ ನ್ಯಾಯ ಅದು.

ಇದು ಅರಸೀಕೆರೆ. ಊರಾಚೆಯ ಬಯಲಲ್ಲಿ ಎದ್ದಿರುವ ಟೆಂಟು. 1965ರ ಬೇಸಿಗೆ, ನನಗೆ ಒಂಬತ್ತು ವರ್ಷ. ಹಗಲೆಲ್ಲ ಜಟಕಾ ಗಾಡಿಯಲ್ಲಿ ಮೈಕು ಕಟ್ಟಿಕೊಂಡು ಒಬ್ಬ ಸಂತೆಬೀದಿ, ಸ್ಟೇಷನ್ ರಸ್ತೆ, ಕೊಬ್ಬರಿ ಮಂಡಿಗಳ ಮುಂದೆಲ್ಲ ಕೂಗುತ್ತ ಹೋಗಿದ್ದಾನೆ. ಗುಲಾಬಿ ಬಣ್ಣದ ಪಾಂಪ್ಲೆಟ್ಟು ಹಿಂದಕ್ಕೆ ತೂರಿದ್ದಾನೆ, ನಾವು ಧೂಳಿನಲ್ಲಿ ಓಡಿ ಹೆಕ್ಕಿದ್ದೇವೆ. ನನ್ನ ಚಡ್ಡಿ ಜೇಬಿನಲ್ಲಿ ಅಂಥವು ನಾಲ್ಕಿವೆ. ‘ಅಮರಶಿಲ್ಪಿ ಜಕಣಾಚಾರಿ’. ಕನ್ನಡದ ಮೊಟ್ಟಮೊದಲ ಪೂರ್ಣ ವರ್ಣಚಿತ್ರ.

ಕತ್ತಲಾಗದೆ ಆಟ ಶುರುವಾಗುವಂತಿಲ್ಲ, ಟೆಂಟಿನ ಬಟ್ಟೆ ಬೆಳಕನ್ನು ತಡೆಯುವುದಿಲ್ಲವಲ್ಲ. ಘಂಟಸಾಲರ ವೆಂಕಟೇಶ ಸ್ತುತಿ ಹಾಕಿದರು ನೋಡಿ. ಅದು ಕಿವಿಗೆ ಬಿದ್ದ ಕೂಡಲೆ ಮನೆಗಳಲ್ಲಿ ಹೆಂಗಸರು ಒಲೆ ಆರಿಸಿ ಸೆರಗು ಸರಿಮಾಡಿಕೊಂಡು ಹೊರಡುತ್ತಾರೆ. ನನ್ನ ಸೋದರಮಾವ ರೈಲ್ವೆಯಲ್ಲಿದ್ದಾನೆ, ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದಾನೆ. ಅವನ ಅಂಗಿಯಿಂದ ಕಲ್ಲಿದ್ದಲಿನ ವಾಸನೆ, ಕೈಯಲ್ಲಿರುವ ಪೊಟ್ಟಣದಿಂದ ಹುರಿದ ಕಡಲೆಕಾಯಿಯ ವಾಸನೆ. ಎರಡೂ ನಿಮಗೆ ಬರುತ್ತಿರಬೇಕು.

ಹಿಂದೆ ಪ್ರೊಜೆಕ್ಟರಿನ ಕಾರ್ಬನ್ ಕಡ್ಡಿ ಚುರ್ ಎಂದು ಹತ್ತಿತು. ತಲೆಯ ಮೇಲೆ ಬೀಡಿಯ ಹೊಗೆಯನ್ನು ಸೀಳಿಕೊಂಡು ಬೆಳಕಿನ ಕೋಲು ಹೋಗುತ್ತಿದೆ. ಇಷ್ಟು ದಿನ ಆ ಕೋಲು ಬೆಳ್ಳಗಿರುತ್ತಿತ್ತು. ಇವತ್ತು ತಲೆಯೆತ್ತಿ ನೋಡಿ, ಹೊಗೆಯೊಳಗೇ ಕೆಂಪು, ಹಸಿರು, ನೀಲಿ ಹೊರಳುತ್ತಿವೆ. ಪರದೆಗಿಂತ ಮೊದಲು ನಾನು ಬಣ್ಣ ಕಂಡದ್ದು ಆ ಹೊಗೆಯಲ್ಲಿ.

ಆಮೇಲೆ ಪರದೆ. ಟೆಂಟು ಒಂದು ಗಳಿಗೆ ಉಸಿರು ಹಿಡಿಯಿತು. ಸರೋಜಾದೇವಿಯ ಸೀರೆಗೆ ಬಣ್ಣವಿದೆ! ಹೂವಿಗೆ ಹೂವಿನ ಬಣ್ಣ, ಆಕಾಶಕ್ಕೆ ಆಕಾಶದ ಬಣ್ಣ. ‘ನಮ್ಮನೆ ಸೀರೆ ಇದ್ದಂಗೇ ಐತಲ್ಲೇ’ ಅಂತ ಹೆಂಗಸರ ಕಡೆಯಿಂದ ಯಾರೋ ಜೋರಾಗಿಯೇ ಹೇಳಿದರು. ಯಾರೂ ನಗಲಿಲ್ಲ. ಎಲ್ಲರೂ ತಂತಮ್ಮ ಮನೆಯ ಸೀರೆಯನ್ನೇ ನೆನೆಯುತ್ತಿದ್ದರು.

ಕಲ್ಯಾಣ್‌ಕುಮಾರ್ ಉಳಿ ಹಿಡಿದು ಕೂತಿದ್ದಾರೆ. ರಾಜಕುಮಾರ್, ಉದಯಕುಮಾರ್, ಕಲ್ಯಾಣ್‌ಕುಮಾರ್ ಮೂವರನ್ನೂ ಕುಮಾರತ್ರಯರು ಎಂದು ಜನ ಹಂಚಿಕೊಂಡಿದ್ದ ಕಾಲ ಅದು. ಮಾವ ಕಲ್ಯಾಣ್‌ಕುಮಾರರ ಕಡೆಯವನು. ಕಥೆ ನಮಗೆಲ್ಲ ಬಾಯಿಪಾಠ. ಹೆಂಡತಿಯ ಮೇಲೆ ಅನುಮಾನಪಟ್ಟು ಮನೆ ಬಿಟ್ಟ ಶಿಲ್ಪಿ ಬೇಲೂರಿನ ಗುಡಿ ಕಟ್ಟುತ್ತಾನೆ. ಅಪ್ಪನನ್ನು ಹುಡುಕಿಕೊಂಡು ಬಂದ ಮಗ ಡಂಕಣ, ಎದುರಿಗಿರುವವನೇ ಅಪ್ಪ ಎಂದು ಅರಿಯದೆಯೇ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ಮೂರ್ತಿಗೆ ಗಂಧ ಬಳಿಯುತ್ತಾರೆ. ಮೈಯೆಲ್ಲ ಒಣಗುತ್ತದೆ, ಹೊಕ್ಕುಳ ಸುತ್ತ ಮಾತ್ರ ಒದ್ದೆ. ಅಲ್ಲಿ ಉಳಿಯೇಟು ಬಿದ್ದಾಗ ಕಪ್ಪೆ ಹೊರಬರುತ್ತದೆ. ಗೊತ್ತಿದ್ದ ಕಥೆಗೂ ಎದೆ ಹೊಡೆದುಕೊಳ್ಳುತ್ತದೆ ಎಂದು ನನಗೆ ತಿಳಿದದ್ದು ಅವತ್ತೇ. ಸರಿಯಾಗಿ ಉಳಿ ಎತ್ತುವ ಹೊತ್ತಿಗೆ ರೀಲು ಮುಗಿಯಿತು. ಟೆಂಟಿನಲ್ಲಿ ಇರುವುದು ಒಂದೇ ಪ್ರೊಜೆಕ್ಟರು, ಮುಂದಿನ ರೀಲು ಏರಿಸುವ ತನಕ ಕತ್ತಲು. ಆ ಕತ್ತಲಲ್ಲಿ ಜಂಕ್ಷನ್ನಿನಿಂದ ಮೈಸೂರು ಕಡೆಯ ಗಾಡಿ ಉದ್ದಕ್ಕೆ ಕೂಗಿತು. ಇನ್ನೂರು ಮುನ್ನೂರು ಜನ ಒಂದು ಕಪ್ಪೆಗಾಗಿ ಕಾಯುತ್ತ ಕೂತಿದ್ದೆವು.

ಈ ಚಿತ್ರ ಮಾಡಿದವರ ಬಗ್ಗೆ ನಾನು ತಿಳಿದುಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ನಿರ್ಮಾಪಕ, ನಿರ್ದೇಶಕ ಬಿ.ಎಸ್. ರಂಗಾ. ಮಾಗಡಿಯಲ್ಲಿ ಹುಟ್ಟಿದವರು, ಸ್ಥಿರಚಿತ್ರ ತೆಗೆಯುತ್ತ ಬೆಳೆದು ಛಾಯಾಗ್ರಾಹಕರಾಗಿ, ಮದರಾಸಿನಲ್ಲಿ ವಿಕ್ರಂ ಸ್ಟುಡಿಯೋ ಕಟ್ಟಿದವರು. ಸಂಗೀತ ಎಸ್. ರಾಜೇಶ್ವರ ರಾವ್. ಕನ್ನಡ ಚಿತ್ರ ಬಂದ 1964ರಲ್ಲೇ ತೆಲುಗಿನಲ್ಲೂ ‘ಅಮರಶಿಲ್ಪಿ ಜಕ್ಕನ್ನ’ ಬಂತು. ಅಲ್ಲಿ ಜಕಣನಾದದ್ದು ಅಕ್ಕಿನೇನಿ ನಾಗೇಶ್ವರ ರಾವ್, ನಾಯಕಿ ಎರಡಕ್ಕೂ ಸರೋಜಾದೇವಿ. ಬಣ್ಣದ ಕಚ್ಚಾ ಫಿಲಂ ಹೊರದೇಶದಿಂದ ಬರಬೇಕು, ವಿದೇಶಿ ವಿನಿಮಯಕ್ಕೆ ಸರ್ಕಾರದ ಬಿಗಿ ಹಿಡಿತ. ಕನ್ನಡದ ಮಾರುಕಟ್ಟೆಯೊಂದೇ ಆ ಖರ್ಚು ಹೊರುವುದು ಕಷ್ಟವಿತ್ತು. ಎರಡು ಭಾಷೆಯ ಜೋಡೆತ್ತು ಕಟ್ಟಿದ್ದು ಜಾಣತನ. ಆಮೇಲೂ ಎಷ್ಟೋ ವರ್ಷ ಕನ್ನಡ ಚಿತ್ರಗಳು ಬಹುಪಾಲು ಕಪ್ಪು ಬಿಳುಪಿನಲ್ಲೇ ಬಂದವು ಎಂಬುದನ್ನು ನೆನೆದರೆ ರಂಗಾ ಅವರ ಎದೆಗಾರಿಕೆ ಎಷ್ಟಿತ್ತೆಂದು ಗೊತ್ತಾಗುತ್ತದೆ.

ಇನ್ನೊಂದು ಸಂಗತಿ. ಆ ಕಾಲದ ಈಸ್ಟ್‌ಮನ್ ಕಲರ್ ನೆಗೆಟಿವ್‌ನ ವೇಗ, ಅಂದರೆ ಬೆಳಕು ಹಿಡಿಯುವ ಶಕ್ತಿ, ಬರೀ 50 ಎಎಸ್‌ಎ. ಬಿಸಿಲಿಗೆ ಒಯ್ದು ಕಿತ್ತಳೆ ಫಿಲ್ಟರ್ ಹಾಕಿದರೆ 32ಕ್ಕೆ ಇಳಿಯುತ್ತಿತ್ತು. ಈಗಿನ ಸಿನಿಮಾ ಡಿಜಿಟಲ್ ಕ್ಯಾಮೆರಾಗಳು ಸಾಮಾನ್ಯವಾಗಿ 800ರ ಆಸುಪಾಸಿನಿಂದಲೇ ಶುರುವಾಗುತ್ತವೆ. ಅಂದರೆ ಅಂದಿನ ಬಣ್ಣಕ್ಕೆ ಬೆಳಕಿನ ಹಸಿವು ವಿಪರೀತ. ಹೊಯ್ಸಳರ ಗುಡಿಯೊಳಗೆ ಇರುವುದೋ ಹಗಲಲ್ಲೂ ಕತ್ತಲು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನನ್ನ ಜೊತೆ ಬಸ್ಸು ಹತ್ತಿ.

ಹೌದು, ಆ ಗುಡಿಗಳನ್ನು ನೋಡಲು ಮಾರನೆಯ ಭಾನುವಾರವೇ ಹೊರಟೆವು. ರಾತ್ರಿಯೆಲ್ಲ ನಾನು ಹಿಡಿದ ಹಟಕ್ಕೆ ಮಾವ ಸೋತಿದ್ದ. ಜಾವಗಲ್ಲಿನ ಮೇಲೆ ಹಳೇಬೀಡು, ಅಲ್ಲಿಂದ ಹದಿನಾರು ಕಿಲೋಮೀಟರು ಬೇಲೂರು. ಕಿಟಕಿಯ ಪಕ್ಕ ನೀವೇ ಕೂರಿ, ತೆಂಗಿನ ತೋಟ ಕಳೆದು ರಾಗಿಹೊಲ ಬರುತ್ತದೆ, ಎದುರಿಗೆ ಬೆಟ್ಟಗಳ ಸಾಲು ನೀಲಿಯಾಗುತ್ತ ಹೋಗುತ್ತದೆ. ಹಳೇಬೀಡಿನಲ್ಲಿ ಇಳಿದಾಗ ದೋರಸಮುದ್ರದ ಕೆರೆಯ ಮೇಲಿಂದ ಗಾಳಿ.

ನಾನು ಓಡಿದೆ. ಹೊಯ್ಸಳೇಶ್ವರನ ಗುಡಿಯ ಮುಂದೆ ನಿಂತೆ. ನಿಂತವನಿಗೆ ಅಳುವೇ ಬಂತು.

‘ಮಾವ, ಬಣ್ಣ ಎಲ್ಲಿ?’

ಎಲ್ಲ ಬೂದು, ಕಪ್ಪು. ಆನೆಸಾಲು, ಸಿಂಹದ ಸಾಲು, ಕುದುರೆ ಸಾಲು, ರಾಮಾಯಣ, ಭಾರತ, ಎಲ್ಲವೂ ಒಂದೇ ಕಲ್ಲುಬಣ್ಣ. ಮಾವ ನನ್ನ ಕೈ ಹಿಡಿದು ಒಂದು ಆನೆಯ ಸೊಂಡಿಲ ಮೇಲಿಟ್ಟ. ಮುಟ್ಟಬಾರದೆಂಬ ತಿಳಿವಳಿಕೆ ಆಗ ನಮಗೆ ಯಾರಿಗೂ ಇರಲಿಲ್ಲ. ‘ನೋಡ್ಲಾ, ಎಷ್ಟು ನುಣ್ಣಗೈತೆ. ಸಿನಿಮಾದಲ್ಲಿ ಇದು ಸಿಕ್ಕಾಕಿಲ್ಲ’ ಅಂದ.

ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಬಿಸಿಲಿಗೆ ಒಡ್ಡಿಕೊಂಡಂತೆ ಗಟ್ಟಿ. ಬೆರಳಿಗೆ ಸಾಬೂನಿನಂಥ ತಂಪು ಹತ್ತುತ್ತದೆ. ಆ ಬೂದುಬಣ್ಣವನ್ನು ಅರ್ಧ ತಾಸು ನೋಡಿದ ಮೇಲೆ ನನಗೆ ನಿಧಾನವಾಗಿ ತಿಳಿಯಿತು. ಹಿನ್ನೆಲೆಯ ಕಲ್ಲು ಸುಮ್ಮನಿದ್ದದ್ದರಿಂದಲೇ ಮುಂದಿನ ಸೀರೆ ಅಷ್ಟು ಕೆಂಪಗೆ ಕಂಡದ್ದು. ಸ್ಥಿರಚಿತ್ರದ ಕಣ್ಣಿದ್ದ ರಂಗಾ ಮೊದಲ ಬಣ್ಣದ ಚಿತ್ರಕ್ಕೆ ಕಲ್ಲುಕೆಲಸದವನ ಕಥೆಯನ್ನೇ ಆರಿಸಿಕೊಂಡದ್ದರ ಹಿಂದೆ ಈ ಲೆಕ್ಕವೂ ಇತ್ತೆಂದೇ ನಾನು ನಂಬಿದ್ದೇನೆ.

ಕಲ್ಲಿನ ಸಿನಿಮಾಗಳನ್ನು ಆಮೇಲೆ ಬೇಕಾದಷ್ಟು ನೋಡಿದೆ. ಜಾನ್ ಫೋರ್ಡ್ 1939ರ ‘ಸ್ಟೇಜ್‌ಕೋಚ್’ನಲ್ಲಿ ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳನ್ನು ಕಪ್ಪು ಬಿಳುಪಿನಲ್ಲೇ ಪಾತ್ರ ಮಾಡಿಬಿಟ್ಟಿದ್ದರು. ಕುದುರೆ, ಕೋವಿ, ದರೋಡೆಕೋರರ ಆ ಜಾತಿಯ ಚಿತ್ರ ನಮ್ಮ ನಾಡಿಗೂ ಬಂತು. 1973ರ ಅಕ್ಟೋಬರಿನಲ್ಲಿ ರಾಮನಗರದ ಬೆಟ್ಟಗಳ ನಡುವೆ ಒಂದು ಇಡೀ ಹಳ್ಳಿಯನ್ನೇ ಕಟ್ಟಿ ‘ಶೋಲೆ’ ಶುರುಮಾಡಿದರು, 1975ರ ಆಗಸ್ಟ್ 15ಕ್ಕೆ ಬಿಡುಗಡೆ. ಗಬ್ಬರ್ ಸಿಂಗ್ ಬಂಡೆಯ ಮೇಲೆ ಬೆಲ್ಟು ಎಳೆದುಕೊಂಡು ನಡೆಯುವ ಸದ್ದು ಇವತ್ತಿಗೂ ಕಿವಿಯಲ್ಲಿದೆ. ರಂಗಾ ಹುಟ್ಟಿದ ಮಾಗಡಿ ಆ ಬಂಡೆಗಳಿಂದ ದೂರವೇನಲ್ಲ, ಅದೂ ರಾಮನಗರದ ಸೀಮೆಯೇ. ಬಂಡೆಯ ನಾಡಿನ ಮನುಷ್ಯ ಕೆತ್ತಿದ ಕಲ್ಲನ್ನು ಹುಡುಕಿಕೊಂಡು ಬೇಲೂರಿಗೆ ಬಂದ. ಕಾಡುಬಂಡೆಯ ಎದುರು ಮನುಷ್ಯ ಚಿಕ್ಕವನಾಗಿ ಕಾಣುತ್ತಾನೆ, ಅದು ಆ ಚಿತ್ರಗಳ ಸೊಗಸು. ಉಳಿ ಮುಟ್ಟಿದ ಕಲ್ಲಿನ ಎದುರು ಮನುಷ್ಯನ ಕೈ ದೊಡ್ಡದಾಗಿ ಕಾಣುತ್ತದೆ. ನನಗೆ ಎರಡನೆಯದೇ ಹೆಚ್ಚು.

ಬೇಲೂರು ಬಂತು, ಇಳಿಯಿರಿ. ಮಧ್ಯಾಹ್ನ ಇಳಿದಿದೆ, ಅಂಗಳದ ಚಪ್ಪಡಿ ಕಾದು ಹೆಂಚಾಗಿದೆ. ಬರಿಗಾಲು, ಬೇಗ ಬೇಗ ಹೆಜ್ಜೆ ಹಾಕಿ ಒಳಗೆ ಬನ್ನಿ. ನವರಂಗದ ಕತ್ತಲು ಮುಖಕ್ಕೆ ಬಡಿಯುತ್ತದೆ. ಸುತ್ತ 48 ಕಂಬ, ಒಂದರ ಹಾಗೆ ಒಂದಿಲ್ಲ ಎನ್ನುವಷ್ಟು ವೈವಿಧ್ಯ. ನಡುವೆ ದುಂಡಗಿನ ಜಗಲಿ, ಶಾಂತಲೆ ಕುಣಿದ ಜಾಗವೆಂದು ಜನ ನಂಬಿದ್ದು. ಏನೂ ಕಾಣುತ್ತಿಲ್ಲ ಅಲ್ಲವೇ? ಸ್ವಲ್ಪ ತಾಳಿ. ಹೊರಗೆ ಬಿಸಿಲಲ್ಲಿ ಒಬ್ಬ ಹುಡುಗ ಕನ್ನಡಿ ಹಿಡಿದು ನಿಂತಿದ್ದಾನೆ. ಅವನು ಮಣಿಕಟ್ಟು ತಿರುಗಿಸಿದ, ಬಿಸಿಲಿನ ಒಂದು ತುಂಡು ಬಾಗಿಲಿನಿಂದ ನೆಗೆದು ಬಂದು ಕಂಬ ಹತ್ತಿ ಭುವನೇಶ್ವರಿ ಎಂಬ ಒಳಛಾವಣಿಗೆ ಏರಿತು. ಅಲ್ಲಿದ್ದ ಮದನಿಕೆ ಕತ್ತಲಿನಿಂದ ಮೂಡಿ ಬಂದಳು.

ಇದೇ ಬೆಳಕಿನ ಕೋಲು! ಟೆಂಟಿನ ಹೊಗೆಯಲ್ಲಿ ಕಂಡದ್ದೇ! ಸಿನಿಮಾದವರು ಬೆಳ್ಳಿಕಾಗದ ಅಂಟಿಸಿದ ಹಲಗೆ ಹಿಡಿದು ಮಾಡುವುದನ್ನೇ ಈ ಹುಡುಗ ಅಂಗೈಯಗಲದ ಕನ್ನಡಿಯಲ್ಲಿ ಮಾಡುತ್ತಿದ್ದ.

ಹೊರಗಿನ ಮದನಿಕೆಯರನ್ನು ನೋಡಲು ಕತ್ತು ನೋಯುತ್ತದೆ, ನೋಯಲಿ. ಹೊರಗೆ 38, ಒಳಗೆ 4. ಕನ್ನಡಿ ನೋಡುವವಳು, ಬೇಟೆಗೆ ನಿಂತವಳು, ಕೂದಲ ನೀರು ಹಿಂಡುವವಳು. ಇವರೆಲ್ಲ ಒಬ್ಬನೇ ಜಕಣಾಚಾರಿಯ ಮಕ್ಕಳೆಂದು ನಾನು ಹುಡುಗತನವಿಡೀ ನಂಬಿದ್ದೆ. ಚಿತ್ರ ನಂಬಿಸಿತ್ತು, ಅಜ್ಜಿ ನಂಬಿಸಿದ್ದಳು. ಕಾಲೇಜಿಗೆ ಹೋದಾಗ ಮತ್ತೆ ಬಂದೆ. ಆಗ ಜೊತೆಗಿದ್ದ ಮೇಷ್ಟ್ರು ಒಂದು ಮದನಿಕೆಯ ಪಾದಪೀಠ ತೋರಿಸಿ ಓದಿಸಿದರು. ಅಲ್ಲಿ ಹಳಗನ್ನಡದ ಸಣ್ಣ ಅಕ್ಷರಗಳಲ್ಲಿ ಹೆಸರಿತ್ತು. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ಹಳೇಬೀಡಿಗೆ ಹೋದರೆ ಕೇದಾರೋಜ, ಮುಂದೆ ಸೋಮನಾಥಪುರದಲ್ಲಿ ಮಲ್ಲಿತಮ್ಮ. ಜಕಣಾಚಾರಿ ಐತಿಹ್ಯದ ಮನುಷ್ಯ. ಈ ಗುಡಿಗಳನ್ನು ಕಡೆದವರು ತಮ್ಮ ಹೆಸರು ತಾವೇ ಬರೆದಿಟ್ಟು ಹೋದ ಹತ್ತಾರು ಜನ. ಅವತ್ತು ಚಿತ್ರದ ಮೇಲೆ ನನಗೆ ಸ್ವಲ್ಪ ಸಿಟ್ಟೂ ಬಂದಿತ್ತು. ಈಗಿಲ್ಲ. ಅರಸೀಕೆರೆಯಲ್ಲೇ 1220ರ ಸುಮಾರಿನ ಈಶ್ವರ ದೇವಸ್ಥಾನವಿದೆ, ಅದರ ನಕ್ಷತ್ರದಾಕಾರದ ಮಂಟಪದಲ್ಲಿ ನಾವು ಗೋಲಿ ಆಡುತ್ತಿದ್ದೆವು. ಆ ಕಂಬವನ್ನು ಕಡೆದವನೂ ಒಬ್ಬ ಇದ್ದ, ಅವನಿಗೂ ಮನೆ, ಹೆಂಡತಿ, ಮಗ ಇದ್ದಿರಬೇಕು ಎಂದು ನಾನು ತಲೆಯೆತ್ತಿ ನೋಡಿದ್ದು ಜಕಣಾಚಾರಿಯನ್ನು ನೋಡಿ ಬಂದ ಮೇಲೆಯೇ. ಆ ಋಣ ದೊಡ್ಡದು.

ಕಲ್ಯಾಣ್‌ಕುಮಾರ್ 1999ರಲ್ಲಿ ಹೋದರು, ರಂಗಾ 2010ರಲ್ಲಿ, ಸರೋಜಾದೇವಿ 2025ರ ಜುಲೈ 14ರಂದು. 1117ರಲ್ಲಿ ಪ್ರತಿಷ್ಠೆಯಾದ ಗುಡಿಯ ಕಲ್ಲಿನ ಮೇಲೆ ದಾಸೋಜನ ಹೆಸರು ಇನ್ನೂ ಓದುವಂತಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೂ ಸೇರಿದವು. ಆದರೆ ಅರವತ್ತರ ದಶಕದ ಈಸ್ಟ್‌ಮನ್ ಕಲರ್ ಪ್ರಿಂಟು ಅಷ್ಟು ಬಾಳುವಂಥದ್ದಲ್ಲ. ಅದರ ಹಸಿರುನೀಲಿ ಮೊದಲು ಸೋರಿಹೋಗುತ್ತದೆ, ಆಮೇಲೆ ಎಲ್ಲ ಮುಖವೂ ನಸುಗೆಂಪು. ‘ಶೋಲೆ’ಯನ್ನು ಶ್ರದ್ಧೆಯಿಂದ ಸರಿಪಡಿಸಿ 2025ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದರು. ಕನ್ನಡದ ಮೊದಲ ಬಣ್ಣದ ಚಿತ್ರಕ್ಕೂ ಅಂಥ ಆರೈಕೆ ಸಲ್ಲಬೇಕು. ಪ್ರತಿ ಜನವರಿ 1ರಂದು ಸರ್ಕಾರ ಅಮರಶಿಲ್ಪಿ ಜಕಣಾಚಾರಿ ಸಂಸ್ಮರಣೆ ಮಾಡುತ್ತದೆ, ಆ ದಿನ ಬೇಲೂರಿನ ಬಯಲಲ್ಲೇ ಪರದೆ ಕಟ್ಟಿ ಈ ಚಿತ್ರ ತೋರಿಸಬಹುದು.

ನಿಮ್ಮಲ್ಲಿ ಒಂದು ಕೋರಿಕೆ. ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರಿನ ಯಾವುದಾದರೂ ಮನೆಯ ಅಟ್ಟದ ಟ್ರಂಕಿನಲ್ಲಿ ಆ ಚಿತ್ರದ ಪಾಂಪ್ಲೆಟ್ಟು, ಹಾಡಿನ ಪುಸ್ತಕ, ಶೂಟಿಂಗ್ ನೋಡಲು ಹೋದವರು ತೆಗೆಸಿಕೊಂಡ ಫೋಟೋ ಇದ್ದರೆ ರದ್ದಿಗೆ ಹಾಕಬೇಡಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರು, ವರ್ಷ, ಅದರಲ್ಲಿರುವವರ ಹೆಸರು ಬರೆದಿಡಿ.